ಧೂಮಕೇತುವಿನ ಕಾಂತಿಯನ್ನು ಅಳೆಯುವುದು ಹೇಗೆ?

ಆಕಾಶದಲ್ಲಿ ಹೊಸದೊಂದು ಧೂಮಕೇತು ಪತ್ತೆಯಾಗಿದೆ ಎಂಬ ಸುದ್ದಿ ವೃತ್ತಪತ್ರಿಕೆಯಲ್ಲಿ ಬಂದೊಡನೆ ನಾವೆಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: "ಅದು ಎಷ್ಟು ಪ್ರಕಾಶಮಾನವಾಗಿ ಕಾಣುತ್ತದೆ?" ಪತ್ರಿಕೆಯಲ್ಲಿ ಅದಕ್ಕೆ ಉತ್ತರವೂ ಸಿದ್ಧವಾಗಿರುತ್ತದೆ. ಆದರೆ ಆ ಉತ್ತರವು ಮುಂದಾಗಿ ಹಾಕಿದ ಲೆಕ್ಕವೇ ಹೊರತು ಕಣ್ಣಾರೆ ಕಂಡದ್ದಲ್ಲ. ಕಂಡದ್ದನ್ನು ಹೇಳಬೇಕಾದವರು ಆಯಾ ರಾತ್ರಿ ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿದವರು. ಈ ಕೆಲಸಕ್ಕೆ ದೊಡ್ಡ ದೂರದರ್ಶಕ ಬೇಕಿಲ್ಲ. ಒಂದು ನೋಟ್‌ಪುಸ್ತಕ, ಒಂದು ಪೆನ್ಸಿಲ್, ಸಿಕ್ಕಿದರೆ ಒಂದು ಬೈನಾಕ್ಯುಲರ್, ಇವೆಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ ಇದ್ದರೆ ಸಾಕು.

2024ರ ಅಕ್ಟೋಬರ್ ತಿಂಗಳಿನಲ್ಲಿ ಸುಚಿನ್‌ಷಾನ್-ಅಟ್ಲಾಸ್ ಎಂಬ ಧೂಮಕೇತು ಸಂಜೆಯ ಪಡುವಣ ಆಕಾಶದಲ್ಲಿ ಕಾಣಿಸಿಕೊಂಡಾಗ ನಾವು ಕೆಲವರು ನೀಲಗಿರಿಯ ತಪ್ಪಲಿನ ತೆಪ್ಪಕಾಡಿನಿಂದ ಅದನ್ನು ನೋಡಿದೆವು. ಅದರ ಕಾಂತಿಯನ್ನು ಅಳೆಯಲು ಪ್ರಯತ್ನಪಟ್ಟು ಪುಸ್ತಕದಲ್ಲಿ ಬರೆದಿಟ್ಟೆವು. ಆಗ ಕಲಿತ ವಿಧಾನವನ್ನೂ ಮಾಡಿದ ತಪ್ಪುಗಳನ್ನೂ ವಿದ್ಯಾರ್ಥಿ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಧೂಮಕೇತು ಎಂದರೇನು?

ನಮ್ಮ ಹಳ್ಳಿಗಳಲ್ಲಿ ಬಾಲಚುಕ್ಕಿ ಎಂದು ಕರೆಯುವ ಧೂಮಕೇತುವಿನ ಮೂಲವಸ್ತು ಅದರ ನಾಭಿ. ಅದು ಮಂಜುಗಡ್ಡೆ, ಧೂಳು ಮತ್ತು ಕಲ್ಲುಗಳಿಂದಾದ ಮುದ್ದೆ. 1986ರ ಮಾರ್ಚ್ ತಿಂಗಳಿನಲ್ಲಿ ಜೊತ್ತೊ ಎಂಬ ಆಕಾಶನೌಕೆ ಹ್ಯಾಲಿ ಧೂಮಕೇತುವಿನ ಸಮೀಪದಲ್ಲಿ ಹಾದುಹೋದಾಗ, ಅದರ ನಾಭಿಯು ಸುಮಾರು 15 ಕಿಲೋಮೀಟರ್ ಉದ್ದವಿದ್ದು ಇದ್ದಿಲಿನಂತೆ ಕಪ್ಪಗಿದೆ ಎಂದು ತಿಳಿದುಬಂತು. ಇಷ್ಟು ಚಿಕ್ಕ ವಸ್ತು ಕೋಟಿಗಟ್ಟಲೆ ಕಿಲೋಮೀಟರ್ ದೂರದಿಂದ ನಮ್ಮ ಕಣ್ಣಿಗೆ ಕಾಣುವುದಾದರೂ ಹೇಗೆ?

ನಾಭಿಯು ಸೂರ್ಯನನ್ನು ಸಮೀಪಿಸಿದಂತೆ ಅದರಲ್ಲಿನ ಹಿಮವು ನೀರಾಗದೆ ನೇರವಾಗಿ ಆವಿಯಾಗುತ್ತದೆ. ಆವಿಯ ಜೊತೆಗೆ ಧೂಳೂ ಹೊರಚಿಮ್ಮುತ್ತದೆ. ಹೀಗೆ ನಾಭಿಯ ಸುತ್ತ ಸಾವಿರಾರು ಕಿಲೋಮೀಟರ್ ಹರಡುವ ಮಬ್ಬಾದ ಗೋಳವೇ ಶಿರ. ಸೂರ್ಯನ ಬೆಳಕಿನ ಒತ್ತಡದಿಂದ ಧೂಳು ಹಿಂದಕ್ಕೆ ಸರಿದು ಬಾಗಿದ ಧೂಳುಬಾಲವಾಗುತ್ತದೆ. ವಿದ್ಯುದಂಶ ಹೊಂದಿದ ಅನಿಲವನ್ನು ಸೌರಮಾರುತವು ತಳ್ಳುವುದರಿಂದ ನೇರವಾದ ಅನಿಲಬಾಲ ಉಂಟಾಗುತ್ತದೆ. ಒಟ್ಟಿನಲ್ಲಿ ಬಾಲವು ಸೂರ್ಯನಿಗೆ ವಿಮುಖವಾಗಿಯೇ ಚಾಚಿಕೊಳ್ಳುತ್ತದೆ. ಆದ್ದರಿಂದಲೇ ಸೂರ್ಯಾಸ್ತದ ನಂತರ ಪಶ್ಚಿಮದಲ್ಲಿ ಕಾಣುವ ಧೂಮಕೇತುವಿನ ಬಾಲ ಮೇಲ್ಮುಖವಾಗಿರುತ್ತದೆ.

ನಾವು ನೋಡಿದ ಧೂಮಕೇತುವಿನ ಶಾಸ್ತ್ರೀಯ ಹೆಸರು ಸಿ/2023 ಎ3. 'ಸಿ' ಎಂದರೆ ಅಲ್ಪಾವಧಿಯಲ್ಲಿ ಮರಳಿ ಬರುವಂಥದಲ್ಲ ಎಂದರ್ಥ. 2023 ಅದು ಪತ್ತೆಯಾದ ವರ್ಷ. 'ಎ' ಎಂಬುದು ಜನವರಿಯ ಮೊದಲ ಪಕ್ಷವನ್ನೂ ' 3' ಎಂಬುದು ಆ ಪಕ್ಷದ ಮೂರನೆಯದು ಎಂಬುದನ್ನೂ ಸೂಚಿಸುತ್ತದೆ. ಚೀನಾದೇಶದ ಸುಚಿನ್‌ಷಾನ್ ವೀಕ್ಷಣಾಲಯ ಮತ್ತು ದಕ್ಷಿಣ ಆಫ್ರಿಕಾದಲ್ಲಿರುವ ಅಟ್ಲಾಸ್ ದೂರದರ್ಶಕ, ಇವೆರಡೂ ಅದನ್ನು ಕಂಡುದರಿಂದ ಜೋಡಿ ಹೆಸರು ಬಂದಿತು. ಆಗ ಅದು ಸೂರ್ಯನಿಂದ 100 ಕೋಟಿ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿತ್ತು.

ಕಾಂತಿಮಾನದ ಲೆಕ್ಕ

ಆಕಾಶಕಾಯಗಳ ಬೆಳಕನ್ನು ಕಾಂತಿಮಾನ ಎಂಬ ಅಂಕಿಯಿಂದ ಹೇಳುತ್ತಾರೆ. ಇಲ್ಲಿ ಒಂದು ತಮಾಷೆಯಿದೆ: ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು! ಅಭಿಜಿತ್ ನಕ್ಷತ್ರದ ಕಾಂತಿಮಾನ ಸುಮಾರು 0. ಚಿತ್ರಾ ನಕ್ಷತ್ರದ್ದು ಸುಮಾರು 1. ಕತ್ತಲಾದ ಸ್ಥಳದಲ್ಲಿ ಬರಿಗಣ್ಣಿಗೆ ಕಾಣುವ ಅತಿ ಮಂಕಾದ ನಕ್ಷತ್ರಗಳದ್ದು ಸುಮಾರು 6. ಕಾಂತಿಮಾನದಲ್ಲಿ 5ರ ವ್ಯತ್ಯಾಸವಿದ್ದರೆ ಬೆಳಕಿನಲ್ಲಿ 100 ಪಟ್ಟು ವ್ಯತ್ಯಾಸ. 1ರ ವ್ಯತ್ಯಾಸವಿದ್ದರೆ ಸುಮಾರು 2.5 ಪಟ್ಟು.

ನಮ್ಮ ಧೂಮಕೇತು ಪತ್ತೆಯಾದಾಗ ಅದರ ಕಾಂತಿಮಾನ ಸುಮಾರು 18. ಅದು 3ನೆಯ ಕಾಂತಿಮಾನಕ್ಕೆ ಏರಿದಾಗ ಬೆಳಕು ಎಷ್ಟು ಪಟ್ಟು ಹೆಚ್ಚಿದಂತಾಯಿತು? 18ರಿಂದ 3ನ್ನು ಕಳೆದರೆ 15. ಅಂದರೆ ಐದರ ಮೂರು ಮೆಟ್ಟಿಲು. 100 × 100 × 100 = 10 ಲಕ್ಷ ಪಟ್ಟು!

ಇಷ್ಟೊಂದು ಹೆಚ್ಚಲು ಕಾರಣಗಳು ಎರಡು. ಒಂದು, ಅದು ನಮಗೆ ಹತ್ತಿರವಾಗುವುದು. ದೂರ ಅರ್ಧವಾದರೆ ಬೆಳಕು 4 ಪಟ್ಟಾಗುತ್ತದೆ. ಇದು ದೀಪಕ್ಕೂ ಅನ್ವಯಿಸುವ ನಿಯಮ. ಎರಡು, ಅದು ಸೂರ್ಯನಿಗೆ ಹತ್ತಿರವಾಗುವುದು. ಸೂರ್ಯನಿಂದಿರುವ ದೂರ ಅರ್ಧವಾದರೆ ಬೀಳುವ ಬಿಸಿಲು 4 ಪಟ್ಟು ಹೆಚ್ಚುತ್ತದೆ; ಆ ಬಿಸಿಲಿನಿಂದ ಹೊಸ ಆವಿಯೂ ಧೂಳೂ ಹೊರಬಿದ್ದು ಶಿರವೇ ಬೆಳೆಯುತ್ತದೆ. ಸಾಧಾರಣ ಧೂಮಕೇತುವಿಗೆ ಇವೆರಡೂ ಸೇರಿ ಸುಮಾರು 16 ಪಟ್ಟೆಂದು ಲೆಕ್ಕ ಹಿಡಿಯುತ್ತಾರೆ. ಎರಡು ದೂರಗಳೂ ಒಟ್ಟಿಗೆ ಅರ್ಧವಾದರೆ 4 × 16 = 64 ಪಟ್ಟು, ಅಂದರೆ ಸುಮಾರು 4½ ಕಾಂತಿಮಾನ.

ಇವಲ್ಲದೆ ಇನ್ನೊಂದು ಸಂಗತಿಯೂ ಉಂಟು. ಸಂಜೆ ದನಗಳು ಊರಿಗೆ ಮರಳುವಾಗ ಎದ್ದ ಧೂಳನ್ನು ಮುಳುಗುವ ಸೂರ್ಯನ ಕಡೆಗೆ ಮುಖಮಾಡಿ ನೋಡಿರಿ. ಅದು ಚಿನ್ನದಂತೆ ಹೊಳೆಯುತ್ತದೆ. ಸೂರ್ಯನಿಗೆ ಬೆನ್ನುಮಾಡಿ ನೋಡಿದರೆ ಅದೇ ಧೂಳು ಮಂಕಾಗಿ ಕಾಣುತ್ತದೆ. ಸಣ್ಣ ಕಣಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚದರಿಸುವುದೇ ಇದಕ್ಕೆ ಕಾರಣ. 2024ರ ಅಕ್ಟೋಬರ್ 9ರ ಸುಮಾರಿಗೆ ಈ ಧೂಮಕೇತು ನಮಗೂ ಸೂರ್ಯನಿಗೂ ನಡುವಿನ ದಿಕ್ಕಿನಲ್ಲಿ ಬಂದಾಗ ಹೀಗೆಯೇ ಕೆಲವು ದಿನ ಬಹಳ ಹೊಳೆಯಿತು. ಆದರೆ ಆಗ ಅದು ಸೂರ್ಯನ ಪಕ್ಕದಲ್ಲೇ ಇದ್ದುದರಿಂದ ಬರಿಗಣ್ಣಿಗೆ ದೊರಕಲಿಲ್ಲ.

ಲೆಕ್ಕ ತಪ್ಪುವುದೇಕೆ?

ಲೆಕ್ಕ ಇಷ್ಟು ಸುಲಭವಾಗಿದ್ದರೆ ನೋಡುವ ಅಗತ್ಯವಾದರೂ ಏನು ಎಂದು ಕೇಳಬಹುದು. ಇದಕ್ಕೆ ಉತ್ತರ ಕೊಹೂಟೆಕ್ ಧೂಮಕೇತುವಿನ ಕಥೆಯಲ್ಲಿದೆ. 1973ರ ಮಾರ್ಚ್ ತಿಂಗಳಿನಲ್ಲಿ ಪತ್ತೆಯಾದ ಅದು ಬಹು ದೂರದಲ್ಲಿದ್ದಾಗಲೇ ಚೆನ್ನಾಗಿ ಬೆಳಗುತ್ತಿತ್ತು. ಇದನ್ನು ನೋಡಿ 'ಶತಮಾನದ ಧೂಮಕೇತು' ಎಂದು ಜಗತ್ತೆಲ್ಲ ಸಾರಿದರು. ಡಿಸೆಂಬರ್ ಕೊನೆಯಲ್ಲಿ ಅದು ಸೂರ್ಯನನ್ನು ಸುತ್ತಿ ಹೋಯಿತು. ಆದರೆ ನಿರೀಕ್ಷಿಸಿದಷ್ಟು ಬೆಳಗಲೇ ಇಲ್ಲ. ಮೊದಲ ಸಲ ಸೂರ್ಯನ ಬಳಿಗೆ ಬರುವ ಧೂಮಕೇತುವಿನ ಮೈಮೇಲೆ ಬೇಗ ಆವಿಯಾಗುವ ಹಿಮಗಳಿರುತ್ತವೆ. ಅವು ದೂರದಲ್ಲಿಯೇ ಹೊರಟುಹೋಗಿ ಮುಂಚೆಯೇ ಬೆಳಕು ತೋರಿಸುತ್ತವೆ. ಅನಂತರ ಬೆಳವಣಿಗೆ ನಿಧಾನವಾಗುತ್ತದೆ. ಇದಾದ ಮೂರು ವರ್ಷಗಳೊಳಗೆ, 1976ರ ಮಾರ್ಚ್‌ನಲ್ಲಿ, ಹೆಚ್ಚು ಪ್ರಚಾರವಿಲ್ಲದೆ ಬಂದ ವೆಸ್ಟ್ ಧೂಮಕೇತು ಬೆಳಗಿನ ಆಕಾಶದಲ್ಲಿ ಬೀಸಣಿಗೆಯಂಥ ಬಾಲವನ್ನು ಬಿಚ್ಚಿ ಎಲ್ಲರನ್ನೂ ಬೆರಗುಗೊಳಿಸಿತು. 2013ರಲ್ಲಿ ಬಹಳ ಹೆಸರಾದ ಐಸಾನ್ ಧೂಮಕೇತು ನವೆಂಬರ್ 28ರಂದು ಸೂರ್ಯನ ಬಳಿ ಹಾಯುವಾಗ ಚೂರುಚೂರಾಯಿತು. ಸುಚಿನ್‌ಷಾನ್-ಅಟ್ಲಾಸ್ ಕೂಡ ಒಡೆದುಹೋಗುವುದೆಂದು 2024ರ ಜುಲೈ ತಿಂಗಳಿನಲ್ಲಿ ಒಬ್ಬ ಹಿರಿಯ ವಿಜ್ಞಾನಿ ಬರೆದಿದ್ದರು, ಅದು ಉಳಿಯಿತು.

ಮಂಕಾದ ಧೂಮಕೇತು ನಿಷ್ಪ್ರಯೋಜಕವೆಂದು ಮಾತ್ರ ತಿಳಿಯಬಾರದು. ತೆಪ್ಪಕಾಡಿನಿಂದ ಘಟ್ಟ ಹತ್ತಿದರೆ ಉದಕಮಂಡಲದ ಬಳಿ ಮುತ್ತೋರೈ ಎಂಬಲ್ಲಿ 530 ಮೀಟರ್ ಉದ್ದ, 30 ಮೀಟರ್ ಅಗಲದ ರೇಡಿಯೋ ದೂರದರ್ಶಕವಿದೆ. ಜನರನ್ನು ನಿರಾಶೆಗೊಳಿಸಿದ ಅದೇ ಕೊಹೂಟೆಕ್‌ನ ಬಾಲ 1974ರ ಜನವರಿಯಲ್ಲಿ ದೂರದ ಒಂದು ರೇಡಿಯೋ ಆಕರದ ಎದುರಿಗೆ ಹಾಯ್ದಾಗ, ಆ ಆಕರದ ಅಲೆಗಳ ಮಿನುಗನ್ನು ವಿಜ್ಞಾನಿಗಳು ಈ ದೂರದರ್ಶಕದಿಂದ ಅಳೆದರು. ಕಣ್ಣಿಗೆ ಹಬ್ಬವಾಗದಿದ್ದ ಬಾಲ ಅಳೆಯುವವರಿಗೆ ಪಾಠವಾಯಿತು.

ತೆಪ್ಪಕಾಡಿನ ಆಕಾಶ

ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವ ದಾರಿ ಮೋಯಾರ್ ನದಿಯ ದಂಡೆಯ ತೆಪ್ಪಕಾಡಿನಲ್ಲಿ ಎರಡಾಗುತ್ತದೆ. ಒಂದು ಗೂಡಲೂರಿನ ಮೇಲೆ, ಇನ್ನೊಂದು ಮಸಿನಗುಡಿಯ ಮೇಲೆ. ಸುತ್ತಲೂ ಮುದುಮಲೆಯ ಕಾಡು, ಉತ್ತರಕ್ಕೆ ಬಂಡೀಪುರ. ಈ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರವಿಲ್ಲ. ಪಟ್ಟಣದ ದೀಪಗಳ ಪ್ರಭೆಯೂ ಇಲ್ಲ. ಪ್ರಾಣಿಗಳಿಗಾಗಿ ಉಳಿಸಿದ ಕತ್ತಲೆ ನಕ್ಷತ್ರ ನೋಡುವವರಿಗೂ ವರವಾಗಿದೆ.

ಆದರೆ ತೊಡಕುಗಳೂ ಇವೆ. ಮೊದಲನೆಯದು ಆನೆ. ಕತ್ತಲಾದ ಮೇಲೆ ರಸ್ತೆಗೋ ನದಿಯ ಬಯಲಿಗೋ ಹೋಗುವುದು ಸರ್ವಥಾ ಸಲ್ಲದು. ಆದ್ದರಿಂದ ನಾವು ಮನೆಗಳ ಅಂಗಳವನ್ನು ಬಿಟ್ಟು ಕದಲಲಿಲ್ಲ. ಹಿರಿಯರೊಬ್ಬರು ಸದಾ ಜೊತೆಯಲ್ಲಿದ್ದರು. ಎರಡನೆಯದು ಮರಗಳು. ಪಶ್ಚಿಮದ ಅಂಚು ಮರಗಳಿಂದ ಮುಚ್ಚಿರುವುದರಿಂದ ತೀರ ಕೆಳಗಿರುವುದು ಕಾಣುವುದಿಲ್ಲ. ಮೂರನೆಯದು ಅಕ್ಟೋಬರಿನ ಹಿಂಗಾರು ಮೋಡ.

ಅಳೆಯುವ ವಿಧಾನ

ಮೊದಲು 20ರಿಂದ 30 ನಿಮಿಷ ಕತ್ತಲಿನಲ್ಲಿ ಕುಳಿತು ಕಣ್ಣನ್ನು ಪಳಗಿಸಬೇಕು. ಬರೆಯಲು ಬೇಕಾದ ಟಾರ್ಚಿಗೆ ಕೆಂಪು ಕಾಗದ ಕಟ್ಟಬೇಕು. ಈ ಅವಧಿಯಲ್ಲಿ ಮೊಬೈಲ್ ಫೋನನ್ನು ನೋಡಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ನಕ್ಷತ್ರ ಒಂದು ಚುಕ್ಕೆ. ಧೂಮಕೇತುವಿನ ಶಿರ ಒಂದು ಮಬ್ಬು. ಚುಕ್ಕೆಯನ್ನೂ ಮಬ್ಬನ್ನೂ ನೇರವಾಗಿ ಹೋಲಿಸಿದರೆ ಕಣ್ಣು ಮೋಸಹೋಗುತ್ತದೆ. ಇದಕ್ಕೆ ಸಿಡ್ಜ್‌ವಿಕ್ ವಿಧಾನ ಎಂಬ ಸರಳ ಉಪಾಯವಿದೆ. ಬೈನಾಕ್ಯುಲರಿನಲ್ಲಿ ಧೂಮಕೇತುವನ್ನು ಸ್ಪಷ್ಟವಾಗಿ ನೋಡಿ ಶಿರದ ಗಾತ್ರವನ್ನೂ ಬೆಳಕನ್ನೂ ಮನಸ್ಸಿನಲ್ಲಿ ಹಿಡಿದಿಡಬೇಕು. ಆಮೇಲೆ ಅದೇ ಎತ್ತರದಲ್ಲಿರುವ ನಕ್ಷತ್ರದ ಕಡೆಗೆ ತಿರುಗಿಸಿ, ನಕ್ಷತ್ರವು ಶಿರದಷ್ಟೇ ಅಗಲವಾಗಿ ಮಸುಕಾಗುವವರೆಗೆ ಸ್ಪಷ್ಟತೆಯ ತಿರುಪನ್ನು ತಿರುಗಿಸಬೇಕು. ಈಗ ಎರಡೂ ಮಬ್ಬುಗಳೇ; ಹೋಲಿಸಬಹುದು. ಹೀಗೆ ಧೂಮಕೇತುವಿಗಿಂತ ತುಸು ಹೆಚ್ಚು ಬೆಳಗುವ ಒಂದು, ತುಸು ಕಡಿಮೆ ಬೆಳಗುವ ಒಂದು, ಎರಡು ನಕ್ಷತ್ರಗಳನ್ನು ಆರಿಸಿಕೊಳ್ಳಬೇಕು. ದೂರದ ವಸ್ತು ಕಾಣದವರು ಕನ್ನಡಕ ತೆಗೆದು ಬರಿಗಣ್ಣಿನಿಂದಲೂ ನಕ್ಷತ್ರಗಳನ್ನು ಮಸುಕಾಗಿಸಬಹುದು. ಕಣ್ಣಿನ ದೋಷವೂ ಒಮ್ಮೊಮ್ಮೆ ಉಪಕಾರಕ್ಕೆ ಬರುತ್ತದೆ!

ಅಕ್ಟೋಬರ್ 24ರ ಸಂಜೆ 7 ಗಂಟೆ 15 ನಿಮಿಷಕ್ಕೆ ನಾವು ಮಾಡಿದ್ದು ಹೀಗೆ. ಧೂಮಕೇತು ಆಗ ಉರಗಧರ ಮಂಡಲದಲ್ಲಿತ್ತು. ಅದೇ ಮಂಡಲದ ಎರಡು ನಕ್ಷತ್ರಗಳನ್ನು ಆರಿಸಿಕೊಂಡೆವು. ನಕ್ಷೆಯ ಪ್ರಕಾರ ಒಂದರ ಕಾಂತಿಮಾನ 3.8, ಇನ್ನೊಂದರದ್ದು 4.3. ವ್ಯತ್ಯಾಸ 0.5. ಅದನ್ನು ಐದು ಭಾಗ ಮಾಡಿದರೆ, ಧೂಮಕೇತು ಮೊದಲನೆಯದಕ್ಕಿಂತ ಮೂರು ಭಾಗ ಮಂಕಾಗಿ, ಎರಡನೆಯದಕ್ಕಿಂತ ಎರಡು ಭಾಗ ಹೆಚ್ಚಾಗಿ ತೋರಿತು. ಆದ್ದರಿಂದ 3.8 + 0.3 = 4.1 ಎಂದು ಬರೆದೆವು. ಭಾರತೀಯ ಕಾಲಮಾನದಿಂದ 5½ ಗಂಟೆ ಕಳೆದರೆ ಜಾಗತಿಕ ವೇಳೆ 13 ಗಂಟೆ 45 ನಿಮಿಷ. ಅದನ್ನು ದಿನದ ದಶಾಂಶವಾಗಿ 'ಅಕ್ಟೋಬರ್ 24.57' ಎಂದು ಬರೆಯುವುದು ಧೂಮಕೇತು ವೀಕ್ಷಕರ ರೂಢಿ.

ಕಾಂತಿಮಾನವಷ್ಟೇ ಬರೆದರೆ ಸಾಲದು, ಬೆಳವಣಿಗೆಯನ್ನೂ ಗುರುತಿಸಬೇಕು. ಶಿರ ಎಷ್ಟು ದಟ್ಟವಾಗಿದೆ ಎಂಬುದಕ್ಕೆ 0ಯಿಂದ 9ರವರೆಗೆ ಅಂಕ ಕೊಡುತ್ತಾರೆ. ನಡುವೆ ಏನೂ ಗಟ್ಟಿಯಿಲ್ಲದೆ ಸಮನಾಗಿ ಹರಡಿದ ಮಬ್ಬಿಗೆ 0. ನಕ್ಷತ್ರದಂತೆ ಚುಕ್ಕೆಯಾಗಿ ಕಂಡರೆ 9. ದಟ್ಟವಾಗಿದ್ದ ಶಿರ ದಿನೇ ದಿನೇ ಸಡಿಲವಾಗಿ ಹರಡಿಕೊಂಡರೆ ನಾಭಿ ಒಡೆಯುತ್ತಿರಬಹುದು ಎಂಬ ಸೂಚನೆಯಾದೀತು. ಬಾಲದ ಉದ್ದಕ್ಕೆ ನಮ್ಮ ಕೈಯೇ ಅಳತೆಗೋಲು. ತೋಳನ್ನು ಪೂರ್ತಿ ಚಾಚಿದಾಗ ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ, ಬಿಗಿಹಿಡಿದ ಮುಷ್ಟಿ ಸುಮಾರು 10 ಡಿಗ್ರಿ.

ನಮ್ಮ ಪುಸ್ತಕದ ಎರಡು ಪುಟಗಳು

ಈಗ ತಪ್ಪುಗಳ ಮಾತು. ಅದೇ 24ರ ಸಂಜೆ ನಮ್ಮಲ್ಲೊಬ್ಬನು 4.1 ಎಂದರೆ ಇನ್ನೊಬ್ಬಳು 3.5 ಎಂದಳು. ಇಬ್ಬರೂ ಪಟ್ಟು ಬಿಡಲಿಲ್ಲ. ಸರಾಸರಿ ತೆಗೆದು ಜಗಳ ಮುಗಿಸೋಣವೆಂದು ಮೂರನೆಯವನ ಸಲಹೆ! ಯಾವ ನಕ್ಷತ್ರವನ್ನು ಹೋಲಿಸಿದಿರಿ ಎಂದು ವಿಚಾರಿಸಿದಾಗ ಗುಟ್ಟು ರಟ್ಟಾಯಿತು. ಅವಳು ಹಿಡಿದದ್ದು ಸರ್ಪಮಂಡಲದ 3.5 ಕಾಂತಿಮಾನದ ನಕ್ಷತ್ರ. ಅದು ಆಗ ಮರಗಳ ತುದಿಗೆ ತಾಗಿಕೊಂಡಂತೆ ಕೆಳಗಿತ್ತು. ಕೆಳಗಿರುವ ನಕ್ಷತ್ರದ ಬೆಳಕು ವಾಯುಮಂಡಲದ ಹೆಚ್ಚು ದಪ್ಪವನ್ನು ಹಾದು ಬರಬೇಕಾದುದರಿಂದ ಮಂಕಾಗುತ್ತದೆ. ಧೂಮಕೇತುವೋ ಅದಕ್ಕಿಂತ ಬಹಳ ಮೇಲಿತ್ತು. ಹೀಗಾಗಿ ಎರಡೂ ಸಮನಾಗಿ ತೋರಿದವು. ಅವಳ ಕಣ್ಣು ತಪ್ಪಿರಲಿಲ್ಲ. ನಕ್ಷತ್ರದ ಆಯ್ಕೆ ತಪ್ಪಿತ್ತು. ಸರಾಸರಿ ತೆಗೆದಿದ್ದರೆ ಈ ಪಾಠವೇ ನಮಗೆ ದಕ್ಕುತ್ತಿರಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಅಕ್ಟೋಬರ್ 14ರಂದು ಬೆಳದಿಂಗಳಿನ ನಡುವೆ ಬಾಲದ ಮೇಲ್ತುದಿ ಮಾತ್ರ ಮರಗಳ ಸಂದಿನಲ್ಲಿ ಬೈನಾಕ್ಯುಲರಿಗೆ ಸಿಕ್ಕಿತ್ತು, ಶಿರ ಕಾಣಲಿಲ್ಲ. ಮರುದಿನದಿಂದ ಮೂರು ಸಂಜೆ ಮೋಡ. 17ರಂದು ಹುಣ್ಣಿಮೆ ಬೇರೆ. ಆದರೂ ನಮ್ಮ ಪುಸ್ತಕದಲ್ಲಿ 16ನೆಯ ತಾರೀಖಿನ ಎದುರು 1.5 ಎಂಬ ಅಂಕಿ ದುಂಡಗೆ ಬರೆದಿತ್ತು! ಪುಸ್ತಕ ನೋಡಿದ ಉಪಾಧ್ಯಾಯರು, "ಆ ದಿನ ಇದನ್ನು ನೋಡಿದವರು ಯಾರು?" ಎಂದು ಕೇಳಿದರು. ಯಾರೂ ಮಾತನಾಡಲಿಲ್ಲ. ಕೊನೆಗೆ ಬರೆದವನೇ ಎದ್ದು ನಿಂತು, ಪುಟ ಖಾಲಿ ಬಿಡಬಾರದೆಂದು ಪತ್ರಿಕೆಯಲ್ಲಿದ್ದುದನ್ನು ಬರೆದೆನೆಂದು ಒಪ್ಪಿಕೊಂಡನು. ರಬ್ಬರಿನಿಂದ ಅಳಿಸಲು ಹೊರಟವನನ್ನು ಉಪಾಧ್ಯಾಯರು ತಡೆದರು. ಅಂಕಿಯ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 'ಮೋಡ. ಕಾಣಲಿಲ್ಲ' ಎಂದು ಬರೆಯಿಸಿ, ತಿದ್ದಿದ ತಾರೀಖನ್ನೂ ಹಾಕಿಸಿದರು.

ಆ ಅಂಕಿ ನಿಜಕ್ಕೆ ದೂರವಾಗಿರಲಿಲ್ಲವೆಂಬುದು ನಿಜ. ಹಾಗಾದರೆ ಅದರಿಂದ ಏನು ಕೆಟ್ಟಿತು? ಕೊಹೂಟೆಕ್ ಬಂದಾಗ ಎಲ್ಲ ವೀಕ್ಷಕರೂ ಪತ್ರಿಕೆಯ ಅಂಕಿಯನ್ನೇ ಬರೆದುಕೊಂಡಿದ್ದರೆ ಅದು ಮಂಕಾಗಿತ್ತೆಂದು ಜಗತ್ತಿಗೆ ತಿಳಿಯುವುದೇ ಸಾಧ್ಯವಿರಲಿಲ್ಲ. ಮುನ್ಸೂಚನೆ ಸರಿಯೋ ತಪ್ಪೋ ಎಂದು ತೂಗುವ ತಕ್ಕಡಿ ವೀಕ್ಷಣೆ. ಮುನ್ಸೂಚನೆಯನ್ನೇ ವೀಕ್ಷಣೆಯೆಂದು ಬರೆದರೆ ತಕ್ಕಡಿಯ ಎರಡು ತಟ್ಟೆಗಳಲ್ಲೂ ಒಂದೇ ಕಲ್ಲನ್ನು ಇಟ್ಟಂತೆ. ಜೊತೆಗೆ, ಒಂದು ಅಂಕಿ ಸುಳ್ಳೆಂದು ಗೊತ್ತಾದ ಮೇಲೆ ಉಳಿದ ನಿಜವಾದ ಅಂಕಿಗಳನ್ನೂ ಓದುವವರು ಸಂಶಯದಿಂದಲೇ ನೋಡುತ್ತಾರೆ. ನಮ್ಮ ನಕ್ಷಾಕಾಗದದ ಮೇಲೆ ಅಕ್ಟೋಬರ್ 15, 16, 17ರ ಜಾಗ ಇಂದಿಗೂ ಖಾಲಿಯಾಗಿಯೇ ಇದೆ. ಆ ಖಾಲಿ ಜಾಗವೂ ನಾವು ಮಾಡಿದ ಒಂದು ವೀಕ್ಷಣೆಯೇ.

ಪಾಲಕರಲ್ಲಿ ಒಂದು ಮಾತು

ಧೂಮಕೇತು ಕಂಡರೆ ಕೇಡಾಗುವುದೆಂಬ ಭಯ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಅಜ್ಜ ಅಜ್ಜಿಯರನ್ನು ಹೀಯಾಳಿಸುವುದರಿಂದ ಆ ಭಯ ಹೋಗದು. ಅವರನ್ನೂ ಅಂಗಳಕ್ಕೆ ಕರೆದು, ಕುರ್ಚಿ ಹಾಕಿ ಕೂರಿಸಿ, ಬೈನಾಕ್ಯುಲರ್ ಕೈಗೆ ಕೊಡಬೇಕು. ನಮ್ಮಲ್ಲಿ ಹಾಗೆ ನೋಡಿದ ಅಜ್ಜಿಯೊಬ್ಬರು, "ಇದು ಪಾಪ, ತನ್ನ ಪಾಡಿಗೆ ತಾನು ಹೋಗುತ್ತಿದೆ" ಎಂದರು. ಪಾಲಕರು ಮಾಡಬೇಕಾದದ್ದು ಇಷ್ಟೆ: ಅರ್ಧ ಗಂಟೆ ಹೊರಗಿನ ದೀಪ ಆರಿಸುವುದು, ಮಕ್ಕಳ ಜೊತೆಯಲ್ಲಿ ನಿಲ್ಲುವುದು, "ಇವತ್ತು ಏನೂ ಕಾಣಲಿಲ್ಲ" ಎಂದು ಮಗು ಹೇಳಿದರೆ ಅದನ್ನೂ ಮೆಚ್ಚುವುದು.

ವಿದ್ಯಾರ್ಥಿಯಾಗಿದ್ದಾಗಲೇ ಧೂಮಕೇತುವನ್ನು ಕಂಡುಹಿಡಿದ ಭಾರತೀಯರೂ ಇದ್ದಾರೆ. ವೈನು ಬಾಪು ಅವರು 1949ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ ಛಾಯಾಚಿತ್ರದ ಫಲಕವೊಂದರಲ್ಲಿ ಹೊಸ ಧೂಮಕೇತುವನ್ನು ಗುರುತಿಸಿದರು. ಆಗ ಅವರಿಗೆ 21 ವರ್ಷ. ಬಾಪು-ಬೋಕ್-ನ್ಯೂಕರ್ಕ್ ಎಂದು ಅದಕ್ಕೆ ಹೆಸರಾಯಿತು. ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯಕ್ಕೆ ಇಂದು ಅವರ ಹೆಸರೇ ಇದೆ.

ಹ್ಯಾಲಿ ಧೂಮಕೇತು 2061ರಲ್ಲಿ ಮತ್ತೆ ಬರಲಿದೆ. 2025ರಲ್ಲಿ 14 ವರ್ಷದವರಾಗಿದ್ದವರಿಗೆ ಆಗ 50 ವರ್ಷ. ಅಷ್ಟರೊಳಗೆ ಹೇಳದೆ ಕೇಳದೆ ಬರುವ ಹೊಸ ಧೂಮಕೇತುಗಳು ಎಷ್ಟೋ! ಅವುಗಳಲ್ಲಿ ಯಾವುದು ಬೆಳಗುವುದು, ಯಾವುದು ಮಂಕಾಗುವುದು ಎಂದು ಯಾರೂ ಖಚಿತವಾಗಿ ಹೇಳಲಾರರು. ನಾವು ನೋಡಿಯೇ ತಿಳಿಯಬೇಕು; ನೋಡಿದ್ದನ್ನೇ ಬರೆಯಬೇಕು.

ಅಭ್ಯಾಸ

1. ಧೂಮಕೇತುವಿನ ಕಾಂತಿಮಾನ 4.1ರಿಂದ 9.1ಕ್ಕೆ ಇಳಿದರೆ ಅದರ ಬೆಳಕು ಎಷ್ಟನೆಯ ಒಂದು ಪಾಲಾಗುತ್ತದೆ?

2. ಸಂಜೆ 7 ಗಂಟೆ 30 ನಿಮಿಷದ ವೀಕ್ಷಣೆಯನ್ನು ಜಾಗತಿಕ ವೇಳೆಗೆ ಪರಿವರ್ತಿಸಿರಿ.

3. ಇಂದು ಸಂಜೆ ನಿಮ್ಮ ಅಂಗಳದಿಂದ ಪಶ್ಚಿಮದಲ್ಲಿ ಕಾಣುವ ನಕ್ಷತ್ರಗಳಲ್ಲಿ ಎರಡನ್ನು ಆರಿಸಿಕೊಂಡು, ಒಂದು ಗಂಟೆಯ ಅವಧಿಯಲ್ಲಿ ಅವು ಕೆಳಗಿಳಿದಂತೆ ಬೆಳಕು ಹೇಗೆ ಬದಲಾಯಿತೆಂದು ಬರೆಯಿರಿ. ಮೋಡವಿದ್ದರೆ ಮೋಡವೆಂದೇ ಬರೆಯಿರಿ.